ಓದುವುದು ಯಾತಕ್ಕೆ?

ನಲ್ವತ್ತಾರನೆಯ ವಯಸ್ಸಿನಲ್ಲಿ ಪರೀಕ್ಷೆ ಬರೆಯಲು ರಜೆ ಕೇಳುವವನನ್ನು ಬ್ಯಾಂಕಿನಲ್ಲಿ ಎಲ್ಲರೂ ತುಸು ಕನಿಕರದಿಂದಲೇ ನೋಡುತ್ತಾರೆ. ಕಳೆದ ವರ್ಷ ನಾನು ರಜಾ ಅರ್ಜಿಯಲ್ಲಿ ‘ಎಂ.ಎ. ಕನ್ನಡ ಪರೀಕ್ಷೆ’ ಎಂದು ಕಾರಣ ಬರೆದು ಮೇಜಿನ ಮೇಲಿಟ್ಟಿದ್ದೆ. ಪಕ್ಕದ ಕೌಂಟರಿನ ಮಲಯಾಳಿ ಗೆಳೆಯ ಅದನ್ನು ನೋಡಿ, “ಎಂತಿನಾ ಸಾರೇ?” ಎಂದು ಕೇಳಿದ. ಯಾತಕ್ಕೆ ಸಾರ್ ಎಂದು. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಗುಮಾಸ್ತನೊಬ್ಬ ಕನ್ನಡ ಎಂ.ಎ. ಮಾಡಿದರೆ ಸಂಬಳ ಏರುವುದಿಲ್ಲ, ಕುರ್ಚಿ ಬದಲಾಗುವುದಿಲ್ಲ ಎಂಬುದು ಅವನಿಗೂ ಗೊತ್ತು, ನನಗೂ ಗೊತ್ತು. ಅದೇ ವಾರ ನೆರೆಮನೆಯವರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ, “ಎಂತ ಮಾರಾಯ್ರೇ, ಈ ಪ್ರಾಯದಲ್ಲಿ ಮಾಷ್ಟ್ರಾಗುವ ಅಂದಾಜು ಉಂಟಾ?” ಎಂದು ವಿಚಾರಿಸಿದರು. ಇಬ್ಬರಿಗೂ ನಗುವಿನಲ್ಲೇ ಉತ್ತರ ಕೊಟ್ಟೆ. ಮೂರನೆಯ ಬಾರಿ ಈ ಪ್ರಶ್ನೆ ಮನೆಯೊಳಗೇ ಹುಟ್ಟಿತು. ಅಲ್ಲಿ ನಗುವಿನ ಉತ್ತರ ಸಾಲಲಿಲ್ಲ. ಆ ಸಂಗತಿಯನ್ನು ಕೊನೆಗೆ ಹೇಳುತ್ತೇನೆ. ಅದಕ್ಕೆ ಮೊದಲು, ಮನುಷ್ಯ ಉನ್ನತ ವಿದ್ಯೆಯನ್ನು ಯಾತಕ್ಕೆ ಹಿಡಿಯುತ್ತಾನೆ, ಹಿಡಿದದ್ದನ್ನು ಯಾತಕ್ಕೆ ಮುಂದುವರಿಸುತ್ತಾನೆ ಎಂಬುದನ್ನು ನನ್ನ ಮಟ್ಟಿಗೆ ಪ್ರಾಮಾಣಿಕವಾಗಿ ಯೋಚಿಸಿ ನೋಡಬೇಕೆನಿಸಿದೆ.

ನಾನು ಬಿ.ಎ.ಗೆ ಸೇರಿದ್ದು ಯಾವ ಜ್ಞಾನದಾಹದಿಂದಲೂ ಅಲ್ಲ. ಕಾಲೇಜು ಊರಿನಲ್ಲೇ ಇತ್ತು, ಶುಲ್ಕ ಕಡಿಮೆ, ಕನ್ನಡದಲ್ಲಿ ಕಲಿಯಬಹುದಿತ್ತು. ಅಷ್ಟೇ ಕಾರಣ. ಕಾಸರಗೋಡಿನಲ್ಲಿ ಸರಕಾರಿ ಕಾಲೇಜು ಆರಂಭವಾದದ್ದು 1957ರಲ್ಲಿ. ಅದಕ್ಕೆ ಮೊದಲು ಪದವಿ ಬೇಕೆಂದವರು ಮಂಗಳೂರಿಗೋ ಮದರಾಸಿಗೋ ಹೋಗಬೇಕಿತ್ತು. ಹಾಗೆ ಹೋಗಲಾರದೆ ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದ ಹಿರಿಯರು ನಮ್ಮ ಮನೆಗಳಲ್ಲಿ ಬೇಕಾದಷ್ಟು ಮಂದಿ. ನನ್ನ ತಂದೆಯವರ ಕಾಲಕ್ಕೆ ಕಾಲೇಜು ಬಂದಿತ್ತು, ಆದರೆ ಮನೆಯಲ್ಲಿ ಅನುಕೂಲವಿರಲಿಲ್ಲ. ‘ಡಿಗ್ರಿ’ ಎಂಬ ಶಬ್ದವನ್ನು ಅವರು ದೇವರ ಹೆಸರಿನಂತೆ ಉಚ್ಚರಿಸುತ್ತಿದ್ದರು. ಆದ್ದರಿಂದ ನನ್ನ ಬಿ.ಎ. ಪದವಿ ಅರ್ಧ ಅವರದ್ದೇ. ಮುಂದೆ ಬ್ಯಾಂಕಿನ ಪರೀಕ್ಷೆ ಬರೆದಾಗ ನಾನು ಏನು ಓದಿದ್ದೇನೆಂದು ಯಾರೂ ಕೇಳಲಿಲ್ಲ. ಅರ್ಜಿಯಲ್ಲಿ ‘ಪದವೀಧರ’ ಎಂಬ ಕಡೆ ಒಂದು ಗೆರೆ ಎಳೆದರೆ ಮುಗಿಯಿತು. ಮೂರು ವರ್ಷದ ಓದು ಒಂದು ಗೆರೆಗೆ ಇಳಿಯಿತು.

ಬ್ಯಾಂಕಿಗೆ ಸೇರಿದ ಮೇಲೆ ಮತ್ತೊಮ್ಮೆ ಓದಿದೆ. ನಮ್ಮಲ್ಲಿ ಜೆ.ಎ.ಐ.ಐ.ಬಿ., ಸಿ.ಎ.ಐ.ಐ.ಬಿ. ಎಂಬ ಎರಡು ಪರೀಕ್ಷೆಗಳಿವೆ. ಮೊದಲನೆಯದು ಪಾಸಾದರೆ ಒಂದು ಇಂಕ್ರಿಮೆಂಟ್, ಎರಡನೆಯದಕ್ಕೆ ಎರಡು. ಮೊದಲನೆಯದನ್ನು ಪಾಸು ಮಾಡಿದೆ. ಆ ಹಣ ಮನೆಗೆ ಬಂತು, ಉಪಯೋಗಕ್ಕೂ ಬಂತು. ಇದನ್ನು ಹೇಳಲು ನಾಚಿಕೆಯಿಲ್ಲ. ಆದರೆ ಫಲಿತಾಂಶ ಬಂದ ದಿನ ಮುಚ್ಚಿದ ಆ ಪುಸ್ತಕಗಳನ್ನು ಮತ್ತೆ ತೆರೆದವನಲ್ಲ. ಅವಧಿ ಮುಗಿದ ಠೇವಣಿಯ ಹಣ ತೆಗೆದು ಖಾತೆ ಮುಚ್ಚಿದ ಹಾಗಾಯಿತು.

ಹಣಕ್ಕಾಗಿ ಓದುವುದು ಕೀಳು, ಜ್ಞಾನಕ್ಕಾಗಿ ಓದುವುದು ಮೇಲು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತವನಿಗೆ ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾಗುವುದಿಲ್ಲ. ಕೆಲವು ವರ್ಷ ನಾನು ಶಿಕ್ಷಣ ಸಾಲದ ಕಾಗದಪತ್ರಗಳನ್ನು ನೋಡಿಕೊಂಡಿದ್ದೆ. 2001ರಲ್ಲಿ ಬ್ಯಾಂಕುಗಳ ಸಂಘ ರೂಪಿಸಿದ ಮಾದರಿ ಯೋಜನೆ ಅದು. ನಾಲ್ಕು ಲಕ್ಷದವರೆಗೆ ಆಸ್ತಿಯ ಅಡವು ಬೇಡ. ವಿದ್ಯಾರ್ಥಿಯೊಡನೆ ತಾಯಿಯೋ ತಂದೆಯೋ ಸಹಿ ಹಾಕಿದರೆ ಸಾಕು. ಓದು ಮುಗಿದು ಮತ್ತೊಂದು ವರ್ಷದವರೆಗೆ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಮಾತ್ರ ಮೊದಲ ದಿನದಿಂದಲೇ ನಡೆಯುತ್ತಿರುತ್ತದೆ. ಒಮ್ಮೆ ಬೀಡಿ ಕಟ್ಟುವ ತಾಯಿಯೊಬ್ಬರು ಮಗಳ ನರ್ಸಿಂಗ್ ಓದಿಗೆಂದು ಬಂದಿದ್ದರು. ಸಹಿ ಹಾಕುವ ಮುಂಚೆ ಅವರು ಕೇಳಿದ್ದು ಒಂದೇ ಮಾತು: “ಕೆಲಸ ಸಿಕ್ಕೀತಲ್ಲ ಸಾರ್?” ಬೀಡಿ ಎಲೆಯ ಕಂದು ಬಣ್ಣ ಹತ್ತಿದ ಆ ಬೆರಳುಗಳ ಮುಂದೆ ‘ವಿದ್ಯೆ ವಿದ್ಯೆಗಾಗಿಯೇ’ ಎಂದು ಹೇಳುವ ಧೈರ್ಯ ಯಾರಿಗುಂಟು? ಉದ್ದೇಶದ ಶುದ್ಧಿಯನ್ನು ಬೋಧಿಸುವವರು ಸಾಮಾನ್ಯವಾಗಿ ಊಟ ಮುಗಿಸಿ ಕುಳಿತವರು.

ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಓದು ಮುಗಿಸಿ ಮನೆಗೆ ಹೊರಡುವ ಶಿಷ್ಯನಿಗೆ ಗುರು ಮಾಡುವ ಉಪದೇಶವೊಂದಿದೆ. ಸ್ವಾಧ್ಯಾಯವನ್ನು ಅಲಕ್ಷ್ಯ ಮಾಡಬಾರದೆಂದು ಗುರು ಹೇಳುತ್ತಾನೆ. ಇದನ್ನು ಘಟಿಕೋತ್ಸವಗಳಲ್ಲಿ ಎಲ್ಲರೂ ನೆನೆಯುತ್ತಾರೆ. ಆದರೆ ಅದೇ ಉಸಿರಿನಲ್ಲಿ ಕ್ಷೇಮವನ್ನೂ ಐಶ್ವರ್ಯವನ್ನೂ ಅಲಕ್ಷಿಸಬಾರದೆಂದು ಆತ ಹೇಳಿದ್ದಾನೆ. ಅನ್ನ ಮತ್ತು ಅರಿವು ಪರಸ್ಪರ ವೈರಿಗಳೆಂದು ಆ ಗುರುವಿಗೆ ತೋರಿರಲಿಲ್ಲ.

ಹಾಗಾದರೆ ಯಾವ ಉದ್ದೇಶದಿಂದ ಓದಿದರೂ ಸಮವೇ? ಅದೂ ಸರಿಯೆನಿಸುವುದಿಲ್ಲ. ಇಲ್ಲಿ ನನಗೆ ನನ್ನ ಅಜ್ಜಿಯ ನೆನಪಾಗುತ್ತದೆ.

ನಾನು ಐದನೆಯ ತರಗತಿಯಲ್ಲಿದ್ದಾಗ ಕೇರಳದಾದ್ಯಂತ ಸಾಕ್ಷರತಾ ಆಂದೋಲನ ನಡೆಯಿತು. 1991ರ ಏಪ್ರಿಲ್ 18ರಂದು ಕೋಝಿಕ್ಕೋಡಿನ ಮಾನಾಂಚಿರ ಮೈದಾನದಲ್ಲಿ, ಹೊಸದಾಗಿ ಅಕ್ಷರ ಕಲಿತ ಚೇಲಕ್ಕೋಡನ್ ಆಯಿಷಾ ಎಂಬ ಮಹಿಳೆಯೇ ರಾಜ್ಯ ಸಂಪೂರ್ಣ ಸಾಕ್ಷರವಾಯಿತೆಂದು ಘೋಷಿಸಿದರು. ಆ ಹಿಂದಿನ ಮಳೆಗಾಲದಲ್ಲಿ ನಮ್ಮ ಜಗಲಿಗೂ ಲಾಟೀನಿನ ಬೆಳಕಿನಲ್ಲಿ ಪಾಠ ಹೇಳಲು ನೆರೆಮನೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಅವಳದು ಮಲಯಾಳ, ಅಜ್ಜಿಯ ಬಾಯಿಯಲ್ಲಿ ತುಳು ಮತ್ತು ಕನ್ನಡ. ಅರುವತ್ತು ದಾಟಿದ ಅಜ್ಜಿ ಮೊದಲು ಕಲಿತದ್ದು ಮಲಯಾಳದ ಅಕ್ಷರ. ಯಾತಕ್ಕೆಂದು ಕೇಳಿದರೆ ಅವರ ಕಾರಣ ಸ್ಪಷ್ಟವಾಗಿತ್ತು: “ಬಸ್ಸಿನ ಬೋರ್ಡು ಓದ್ಲಿಕ್ಕೆ ಮಗಾ. ಪ್ರತಿ ಸಲ ಇದು ಎಲ್ಲಿಗೆ ಹೋಗುವ ಬಸ್ಸು ಅಂತ ಇನ್ನೊಬ್ಬರನ್ನು ಕೇಳಿ ಕೇಳಿ ಸಾಕಾಯ್ತು.”

ಆರು ತಿಂಗಳಲ್ಲಿ ಅಜ್ಜಿ ಬೋರ್ಡು ಓದಿದರು. ಉದ್ದೇಶ ಅಲ್ಲಿಗೆ ಈಡೇರಿತು. ಆದರೆ ಅಜ್ಜಿ ನಿಲ್ಲಿಸಲಿಲ್ಲ. ರೇಶನ್ ಕಾರ್ಡಿನಲ್ಲಿ ತನ್ನ ಹೆಸರು ಯಾವುದೆಂದು ಹುಡುಕಿದರು. ಆಮೇಲೆ ನನ್ನನ್ನು ಕೂರಿಸಿಕೊಂಡು ಕನ್ನಡದ ಅಕ್ಷರಗಳನ್ನೂ ಕಲಿತರು. ಕೊನೆಯ ಕಾಲದಲ್ಲಿ, ಎಲ್ಲಿಗೂ ಬಸ್ಸು ಹತ್ತಲಾರದೆ ಮನೆಯಲ್ಲೇ ಉಳಿದಾಗಲೂ, ದಿನಸಿ ಕಟ್ಟಿ ತಂದ ಪತ್ರಿಕೆಯ ತುಂಡನ್ನು ಬಿಡಿಸಿ, ಗೋಧಿಹುಡಿ ಕೊಡವಿ, ಕೂಡಿಸಿ ಕೂಡಿಸಿ ಓದುತ್ತಿದ್ದರು. ಬಸ್ಸಿನ ಬೋರ್ಡಿಗಾಗಿ ಆರಂಭವಾದದ್ದು ಬಸ್ಸು ಬೇಡವಾದ ಮೇಲೂ ನಡೆಯಿತು. ಆಲಪ್ಪುಳದ ಕಾರ್ತ್ಯಾಯನಿಯಮ್ಮ 2018ರಲ್ಲಿ 96ನೆಯ ವಯಸ್ಸಿನಲ್ಲಿ ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದಾಗ ನನ್ನ ಕಣ್ಣೆದುರು ಬಂದದ್ದು ಅಜ್ಜಿಯ ಗೋಧಿಹುಡಿ ಹತ್ತಿದ ಕಾಗದದ ತುಂಡೇ.

ಓದಿಗೆ ಹಚ್ಚುವ ಕಾರಣ ಒಂದು, ಓದಿನಲ್ಲಿ ಉಳಿಸುವ ಕಾರಣ ಇನ್ನೊಂದು ಎಂದು ನನಗೆ ತೋರುವುದು ಇದರಿಂದಲೇ. ನಾವು ಸಾಮಾನ್ಯವಾಗಿ ಮೊದಲನೆಯದನ್ನು ಹಿಡಿದು ಮನುಷ್ಯನನ್ನು ತೂಗುತ್ತೇವೆ. ಮೊದಲ ಕಾರಣ ಹೊಟ್ಟೆಪಾಡಿರಬಹುದು, ಹಟವಿರಬಹುದು, ಹೊಟ್ಟೆಕಿಚ್ಚೂ ಇರಬಹುದು. ಅದರಲ್ಲಿ ದೋಷ ಹುಡುಕಿ ಪ್ರಯೋಜನವಿಲ್ಲ. ಆ ಕಾರಣ ತೀರಿದ ಮರುದಿನ ಪುಸ್ತಕ ಎಲ್ಲಿರುತ್ತದೆ ಎಂಬುದೇ ಪರೀಕ್ಷೆ. ನನ್ನ ಇಂಕ್ರಿಮೆಂಟಿನ ಪುಸ್ತಕಗಳು ಆ ಪರೀಕ್ಷೆಯಲ್ಲಿ ಫೇಲಾದವು. ಅಜ್ಜಿಯ ಅಕ್ಷರ ಪಾಸಾಯಿತು.

ನನ್ನ ಎಂ.ಎ.ಯ ಮೊದಲ ಕಾರಣವೂ ಹೆಮ್ಮೆಪಡುವಂಥದ್ದಲ್ಲ. ಅದು ನಾಚಿಕೆ. ನಾಲ್ಕು ವರ್ಷಗಳ ಹಿಂದೆ ವೃದ್ಧರೊಬ್ಬರು ಜಾಗದ ಮೇಲೆ ಸಾಲ ಕೇಳಿ ಹಳೆಯ ಕಾಗದಗಳ ಕಟ್ಟನ್ನು ತಂದಿದ್ದರು. 1956ರ ನವೆಂಬರ್ 1ಕ್ಕೆ ಮೊದಲು ಈ ಪ್ರದೇಶ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಷ್ಟೆ. ಆದ್ದರಿಂದ ನಮ್ಮ ಎಷ್ಟೋ ಮನೆಗಳ ಹಳೆಯ ದಸ್ತಾವೇಜುಗಳು ಕನ್ನಡದಲ್ಲಿವೆ. ಮ್ಯಾನೇಜರರಿಗೆ ಕನ್ನಡ ಬಾರದು. “ನೀವು ಕನ್ನಡ ಬಿ.ಎ. ಅಲ್ಲವೇ?” ಎಂದು ನನ್ನನ್ನು ಕರೆದರು. 1930ರ ದಶಕದ ಒಂದು ಗೇಣಿ ಚೀಟು ಅದು. ಅಕ್ಷರಗಳನ್ನು ತಡವರಿಸಿ ಓದಿದೆ. ‘ಮೂಲಗೇಣಿ’ ಎಂದರೇನು, ‘ಚಾಲಗೇಣಿ’ ಎಂದರೇನು ಎಂದು ಮ್ಯಾನೇಜರರು ಕೇಳಿದಾಗ ಮಾತ್ರ ನಾಲಿಗೆ ಎಳಲಿಲ್ಲ. ಆ ವೃದ್ಧರೇ ತಾಳ್ಮೆಯಿಂದ ಮಲಯಾಳದಲ್ಲಿ ವಿವರಿಸಿದರು. ಮೂಲಗೇಣಿ ಎಂದರೆ ಗೇಣಿ ಸ್ಥಿರವಾಗಿ ತಲೆತಲಾಂತರಕ್ಕೆ ಉಳಿಯುವ ಹಕ್ಕು. ಚಾಲಗೇಣಿಯಾದರೆ ಧಣಿಯ ಮನಸ್ಸಿನಂತೆ ನಡೆಯುವ, ಯಾವಾಗ ಬೇಕಾದರೂ ಬಿಡಿಸಬಹುದಾದ ಗೇಣಿ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿಯೇ ರದ್ದಾಯಿತು. ಅದರೊಂದಿಗೆ ಶಬ್ದಗಳೂ ಮಾಸಿದವು. ನನ್ನ ಹಿರಿಯರು ಯಾವ ಶಬ್ದದ ಕೆಳಗೆ ನಡು ಬಗ್ಗಿಸಿ ಬದುಕಿದರೋ ಆ ಶಬ್ದ ನನಗೆ ಗೊತ್ತಿರಲಿಲ್ಲ. ಕನ್ನಡ ಕನ್ನಡ ಎಂದು ಸಭೆಗಳಲ್ಲಿ ಕೈ ಎತ್ತಿದವನು ನಾನು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುವರ್ಷ ದೂರಶಿಕ್ಷಣದ ಎಂ.ಎ.ಗೆ ಅರ್ಜಿ ಹಾಕಿದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಓದುವ ಆಸೆಯಿದ್ದರೆ ಮನೆಯಲ್ಲೇ ಓದಬಹುದಲ್ಲ, ಪದವಿಯ ಹಂಗೇಕೆ? ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಬಿ.ಎ. ಪೂರ್ತಿ ಮಾಡಿದವರಲ್ಲ. ಹತ್ತಾರು ಭಾಷೆಗಳನ್ನು ಕಲಿತು ಸಂಶೋಧಕರಾದರು, 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು. ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟು ಹೊರಬಂದವರು. ಮಕ್ಕಳಿಗೆ ‘ಬಾಲಪ್ರಪಂಚ’ ಬರೆದು ಕೊಡಲು ಅವರಿಗೆ ಯಾವ ಪದವಿಯೂ ಬೇಕಾಗಲಿಲ್ಲ. ಸತ್ಯವೇ. ಆದರೆ ಅವರು ಹೊರಗಿನ ಗಡಿಯಾರ ಬೇಡದ ಮನುಷ್ಯರು. ನನ್ನಂಥ ಸಾಮಾನ್ಯನಿಗೆ ಇಂಥ ದಿನ ಇಷ್ಟು ಪುಟ ಒಪ್ಪಿಸಬೇಕು, ಇಂಥ ದಿನ ಪರೀಕ್ಷೆ ಎಂಬ ಕಟ್ಟು ಇಲ್ಲದಿದ್ದರೆ ಸಂಜೆ ಪೂರ ಮೊಬೈಲಿನಲ್ಲೇ ಕಳೆದುಹೋಗುತ್ತದೆ. ಪದವಿ ಎಂಬುದು ಬಲಹೀನನ ಊರುಗೋಲು. ಊರುಗೋಲು ಹಿಡಿದವನನ್ನು ನಡೆಯುತ್ತಿಲ್ಲವೆನ್ನಲಾಗದು.

ನಾಚಿಕೆಗೆ ಆಯುಸ್ಸು ಕಡಿಮೆ. ನಾಲ್ಕೈದು ತಿಂಗಳಲ್ಲಿ ಅದು ಆರಿತು. ಭಾನುವಾರಗಳಂದು ಐವತ್ತು ಕಿಲೋಮೀಟರು ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ ತರಗತಿಯಲ್ಲಿ ಕೂರುವುದು, ಮಕ್ಕಳ ವಯಸ್ಸಿನವರ ಜೊತೆ ಟಿಪ್ಪಣಿ ಬರೆಯುವುದು, ಸೋಮವಾರ ಬೆಳಗ್ಗೆ ಮತ್ತೆ ಕೌಂಟರು. ಹಳಗನ್ನಡ ಪತ್ರಿಕೆಯಲ್ಲಿ ಮೊದಲ ಸಲ ಫೇಲಾದೆ. ಬಿಟ್ಟುಬಿಡೋಣ ಎಂದು ಹೆಂಡತಿಗೆ ಹೇಳಿಯೂ ಆಗಿತ್ತು. ಗೇಣಿ ಚೀಟಿನ ಶಬ್ದಗಳು ಪಠ್ಯದಲ್ಲಿರಲಿಲ್ಲ. ಅವುಗಳನ್ನು ನಾನು ಕಲಿತದ್ದು ಹಳಬ ದಸ್ತಾವೇಜು ಬರಹಗಾರರೊಬ್ಬರ ಮನೆಯ ಜಗಲಿಯಲ್ಲಿ. ಹೀಗಿರುವಾಗ ಎಂ.ಎ. ಮುಂದುವರಿಸಲು ಕಾರಣವೇ ಉಳಿದಿರಲಿಲ್ಲ.

ಆಗ ಒಂದು ಸಣ್ಣ ಸಂಗತಿ ನಡೆಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಬುತ್ತಿಯ ಪಕ್ಕ ಪುಸ್ತಕವಿಟ್ಟು ಹಳಗನ್ನಡದ ಶಬ್ದಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಹಾಲಿಗೆ ಪಾಲ್, ಹೂವಿಗೆ ಪೂ, ಹಲ್ಲಿಗೆ ಪಲ್, ಹುಲಿಗೆ ಪುಲಿ. ಎದುರಿಗಿದ್ದ ಮಲಯಾಳಿ ಗೆಳೆಯ ನಕ್ಕು, “ಇದ್ಯಾವ ಪರೀಕ್ಷೆ ಸಾರೇ? ಇದು ನಮ್ಮ ಮಲಯಾಳ ಅಲ್ಲವೇ?” ಎಂದ. ಹೌದಲ್ಲ! ಅವನ ಪಾಲ್, ಪೂವ್, ಪಲ್ಲ್ ಎಲ್ಲ ಹಾಗೆಯೇ ಇವೆ. ಪುಲಿ ಮಾತ್ರ ಚೂರು ಸರಿದು ಈಗ ಹೆಚ್ಚಾಗಿ ಚಿರತೆಗೆ ನಿಂತಿದೆ. ತುಳುವಿನಲ್ಲೂ ಪೇರ್, ಪೂ, ಪಿಲಿ. ಪಂಪನ ಕಾಲದ ಪಕಾರ ಕನ್ನಡದಲ್ಲಿ ಮುಂದೆ ಹಕಾರವಾಯಿತು. ನೆರೆಯ ಭಾಷೆಗಳಲ್ಲಿ ಹಾಗೆಯೇ ಉಳಿಯಿತು. ನಾನು ಫೇಲಾದ ಹಳಗನ್ನಡವನ್ನು ಪಕ್ಕದ ಕೌಂಟರಿನವನು ತಾಯ ಹಾಲಿನೊಂದಿಗೆ ಕುಡಿದಿದ್ದ. ಹದಿನೆಂಟು ವರ್ಷ ಅವನ ಪಕ್ಕ ಕುಳಿತು ಹಣ ಎಣಿಸಿದ್ದೇನೆ. ಭಾಷೆಯ ವಿಷಯ ಬಂದಾಗಲೆಲ್ಲ ಇಬ್ಬರೂ ಜಾಗ್ರತೆಯಿಂದ ಮಾತು ಬದಲಿಸುತ್ತಿದ್ದೆವು. ಇಲ್ಲಿ ಅಲ್ಪಸಂಖ್ಯಾತರಾಗಿ ನಮಗೆ ಆದ ಅನ್ಯಾಯಗಳು ಸುಳ್ಳಲ್ಲ, ಅವುಗಳಿಗಾಗಿ ಕೇಳುವ ಹಕ್ಕನ್ನು ಬಿಡಬೇಕಾಗಿಯೂ ಇಲ್ಲ. ಆದರೆ ಆ ಮಧ್ಯಾಹ್ನದ ಬಳಿಕ ನನ್ನೊಳಗಿದ್ದ ಒಂದು ಬಿಗಿ ಸಡಿಲವಾಯಿತು. ಆ ವಾರವೇ ಶುಲ್ಕ ಕಟ್ಟಿ ಮತ್ತೆ ಪರೀಕ್ಷೆಗೆ ಹೆಸರು ಕೊಟ್ಟೆ.

ಕಾರಣಗಳು ಹೀಗೆ ದಾರಿಯಲ್ಲಿ ಬದಲಾಗುವುದು ದೊಡ್ಡವರ ವಿಷಯದಲ್ಲೂ ನಿಜ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಿಂದಲೇ ಪ್ರಕಟವಾದವು. ಇಬ್ಬರೂ ಬಂದದ್ದು ಮತಪ್ರಚಾರಕ್ಕಾಗಿ. ಶಬ್ದ ಕಲಿತದ್ದೂ ಆ ಕೆಲಸಕ್ಕೆಂದೇ. ಆದರೆ ಅಷ್ಟೊಂದು ಸಾವಿರ ಶಬ್ದಗಳನ್ನು ಒಂದೊಂದಾಗಿ ಹೆಕ್ಕಿ ಅರ್ಥ ಬರೆಯಲು ಬೋಧನೆಯ ಅಗತ್ಯವೊಂದೇ ಸಾಲದು. ಎಲ್ಲೋ ಮಧ್ಯದಲ್ಲಿ ಶಬ್ದವೇ ಅವರನ್ನು ಹಿಡಿದುಕೊಂಡಿರಬೇಕು. ಇಂದು ಯಾವ ಮತದ ವಿದ್ಯಾರ್ಥಿಯೂ ಅವರ ಉದ್ದೇಶವನ್ನು ಕೇಳದೆ ಆ ಪುಟಗಳನ್ನು ತಿರುವುತ್ತಾನೆ.

ಇನ್ನು ಮನೆಯೊಳಗಿನ ಪ್ರಶ್ನೆ. ಮಗಳ ಪ್ಲಸ್ ಟು ಮುಗಿಯಿತು. ಅಂಕಗಳು ಚೆನ್ನಾಗಿದ್ದವು. ಅವಳಿಗೆ ಕನ್ನಡ ಬಿ.ಎ. ಓದಬೇಕೆಂದು ಆಸೆ. ನಾನು ಯೋಚನೆಯೇ ಮಾಡದೆ, “ಬಿ.ಕಾಂ. ಮಾಡು ಮಗಳೇ, ಕನ್ನಡ ಆಮೇಲೆ ಓದಬಹುದು” ಎಂದೆ. ನನ್ನ ಮೇಜಿನ ಮೇಲೆ ತೆರೆದಿದ್ದ ಹಳಗನ್ನಡದ ಪುಸ್ತಕವನ್ನು ನೋಡಿ ಅವಳು ಮೆಲ್ಲಗೆ ಕೇಳಿದಳು: “ನೀವು ಓದಿದರೆ ಪ್ರೀತಿ, ನಾನು ಓದಿದರೆ ದಂಡವಾ ಅಪ್ಪಾ?”

ಉತ್ತರ ಹೊಳೆಯಲಿಲ್ಲ. ನನ್ನೊಳಗೆ ಎರಡು ನ್ಯಾಯ ಇತ್ತು. ಸಂಬಳ ಬರುವವನಿಗೆ ಪ್ರೀತಿಯ ಓದು, ಬಾರದವಳಿಗೆ ಹೊಟ್ಟೆಯ ಓದು. ಹದಿನೆಂಟು ವರ್ಷ ಕೌಂಟರಿನಲ್ಲಿ ಕುಳಿತು ನಾನು ಆ ಹಕ್ಕನ್ನು ಸಂಪಾದಿಸಿದೆ ಎಂದರೆ, ಅವಳೂ ನಲ್ವತ್ತಾರು ತುಂಬುವವರೆಗೆ ಕಾಯಬೇಕೇ? ಇತ್ತ ಸಾಲದ ಲೆಜ್ಜರಿನಲ್ಲಿ ಕಂತು ಕಟ್ಟಲಾಗದ ಪದವೀಧರರ ಹೆಸರುಗಳನ್ನು ಕಣ್ಣಾರೆ ಕಂಡವನು ನಾನು. ನೋಟೀಸಿಗೆ ವಿಳಾಸ ಬರೆದವನೂ ನಾನೇ. ಆ ಭಯ ಸುಳ್ಳೆಂದು ಮಗಳಿಗೆ ಹೇಳಲಾರೆ. ಪ್ರೀತಿಯಿಂದ ಓದು ಎಂದು ಹುರಿದುಂಬಿಸಿ ನಾಳೆ ಅವಳನ್ನು ಕೈಬಿಡುವುದೂ ಮೋಸವೇ.

ಮೂರು ದಿನ ಕಳೆದ ಮೇಲೆ ಒಂದು ತೀರ್ಮಾನಕ್ಕೆ ಬಂದೆ. ಖರ್ಚನ್ನು ಬರೆದು ತೋರಿಸುವುದು ನನ್ನ ಕರ್ತವ್ಯ. ಕಾರಣವನ್ನು ಆರಿಸುವುದು ಅವಳ ಹಕ್ಕು. ಒಂದು ಕಾಗದದಲ್ಲಿ ಲೆಕ್ಕ ಬರೆದೆ. ಕನ್ನಡ ಓದಿದವರಿಗೆ ಇಲ್ಲಿ ಇರುವ ಕೆಲಸಗಳು ಯಾವುವು, ಅವಕ್ಕೆ ಇನ್ನೇನೇನು ಓದಬೇಕು, ಎಷ್ಟು ವರ್ಷ ಕಾಯಬೇಕಾದೀತು, ಅಷ್ಟು ಕಾಲ ನಾನು ಎಷ್ಟರ ಮಟ್ಟಿಗೆ ನೋಡಿಕೊಳ್ಳಬಲ್ಲೆ. ಏನನ್ನೂ ಮುಚ್ಚಿಡಲಿಲ್ಲ, ಏನನ್ನೂ ಹಿಗ್ಗಿಸಲಿಲ್ಲ. ಅವಳು ಆ ಕಾಗದವನ್ನು ಎರಡು ಸಲ ಓದಿ, ಮಡಚಿ ಇಟ್ಟುಕೊಂಡಳು. ಅರ್ಜಿಯಲ್ಲಿ ಮೊದಲ ಆಯ್ಕೆಯಾಗಿ ಕನ್ನಡವನ್ನೇ ತುಂಬಿಸಿದಳು.

ನಾನು ಮಾಡಿದ್ದು ಸರಿಯೋ ತಪ್ಪೋ ಹತ್ತು ವರ್ಷದ ನಂತರ ತಿಳಿದೀತು. ಕೇರಳದಲ್ಲಿ 2024ರಿಂದ ಪದವಿ ಓದು ನಾಲ್ಕು ವರ್ಷದ್ದಾಗಿದೆ. ಮೂರು ವರ್ಷಕ್ಕೆ ನಿಲ್ಲಿಸಿದರೂ ಪದವಿ ಸಿಗುತ್ತದೆ, ನಾಲ್ಕನೆಯದನ್ನೂ ಓದಿದರೆ ಆನರ್ಸ್. ಅಂದರೆ ಮೂರನೆಯ ವರ್ಷದ ಕೊನೆಗೆ ನಿಲ್ಲುವುದೋ ಮುಂದುವರಿಯುವುದೋ ಎಂಬ ಪ್ರಶ್ನೆ ಅವಳ ಮುಂದೆ ತಾನಾಗಿಯೇ ಬರುತ್ತದೆ. ಇವತ್ತಿನ ಅವಳ ಕಾರಣ ಅಷ್ಟು ಹೊತ್ತಿಗೆ ಉಳಿದಿರುತ್ತದೋ, ಬೇರೊಂದು ಹುಟ್ಟಿರುತ್ತದೋ, ಅವಳೇ ನೋಡಿಕೊಳ್ಳಬೇಕು. ಆಗ ನಾನು ಸುಮ್ಮನಿರಲು ಕಲಿಯಬೇಕು. ಅದು ಹಳಗನ್ನಡಕ್ಕಿಂತ ಕಷ್ಟದ ಪತ್ರಿಕೆ.

ಗೆಳೆಯನ “ಎಂತಿನಾ ಸಾರೇ?” ಎಂಬ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ನನ್ನಲ್ಲಿ ಇನ್ನೂ ಇಲ್ಲ. ಈಗೀಗ ಕೌಂಟರು ಮುಚ್ಚಿದ ಮೇಲೆ ಕೆಲವು ವೃದ್ಧರು ಹಳೆಯ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು ಬರುತ್ತಾರೆ. ಹೊರಗಿನ ಬೆಂಚಿನಲ್ಲಿ ಕುಳಿತು ಓದಿ ಹೇಳುತ್ತೇನೆ. ಗೆಳೆಯ ಪಕ್ಕದಲ್ಲಿ ಕುಳಿತು ಅದನ್ನು ಮಲಯಾಳದಲ್ಲಿ ಬರೆದುಕೊಡುತ್ತಾನೆ. ಮುಂದಿನ ತಿಂಗಳು ಪರೀಕ್ಷೆ ಇದೆ. ಹಳಗನ್ನಡ ಇನ್ನೂ ಬಾಕಿ. ಈ ಸಲ ಪಾಠ ಒಪ್ಪಿಸಿಕೊಳ್ಳುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.